ಕುಮಾರಯ್ಯನವರ ಐದು ಮನೆ

ನಾನಿರುವ ಬಡಾವಣೆಯ ಹೆಸರು ಗಂಗಾವಿಹಾರ. ಗಂಗೆ ಇಲ್ಲಿಂದ ಹದಿನಾಲ್ಕು ಕಿಲೋಮೀಟರು. ವಿಹಾರವೂ ಹೆಚ್ಚುಕಡಿಮೆ ಅಷ್ಟೇ ದೂರ. ಬನಾರಸಿನ ರಿಂಗ್ ರೋಡ್ ದಾಟಿದ ಮೇಲೆ ಸಾಸಿವೆ ಹೊಲಗಳ ನಡುವೆ ಉದ್ದನೆಯ ಗೋಡೆಯೊಂದನ್ನು ಎಬ್ಬಿಸಿ, ಅದರೊಳಗೆ ಇನ್ನೂರ ಹನ್ನೆರಡು ಮನೆಗಳನ್ನು ಒಂದೇ ಅಚ್ಚಿನಲ್ಲಿ ಒತ್ತಿ ಇಟ್ಟಿದ್ದಾರೆ. ಎಲ್ಲಕ್ಕೂ ಬಿಸ್ಕತ್ತಿನ ಬಣ್ಣ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಬೀಗದ ಕೈ ತಿರುಗುತ್ತಿಲ್ಲವೆಂದು ನಾನು ಬಾಗಿಲಿಗೆ ಹತ್ತು ನಿಮಿಷ ಬೈದೆ. ಕೊನೆಗೆ ಗೋಡೆಯ ಮೇಲಿನ ಕ್ಯಾಮೆರಾದಿಂದ ಹೆಂಗಸಿನ ದನಿಯೊಂದು, ‘ಭಾಯಿಸಾಬ್, ನಿಮ್ಮ ಮನೆ ಮುಂದಿನ ಸಾಲಿನಲ್ಲಿದೆ’ ಎಂದು ಹಿಂದಿಯಲ್ಲಿ ಹೇಳಿತು. ಆಕೆ ಮೊದಲಿನಿಂದಲೂ ನೋಡುತ್ತಿದ್ದಳು. ಬಾಗಿಲು ತೆರೆಯಬೇಕೆಂದು ಮಾತ್ರ ಅವಳಿಗೆ ಅನ್ನಿಸಿರಲಿಲ್ಲ.

ನಾನು ಅಣ್ಣಪ್ಪ, ಚಿತ್ರದುರ್ಗದ ಕಡೆಯವನು. ಮೂವತ್ತೊಂದು ವರ್ಷ ಬನಾರಸಿನ ಕಂಟೋನ್ಮೆಂಟ್ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಹೊಸ ಬಡಾವಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ, ಬಾಗಿಲು ತೆರೆದರೆ ಗೂಳಿ ಒಳಗೆ ಬರುವುದಿಲ್ಲ ಎಂದೆಲ್ಲ ಹೇಳಿ ಹೆಂಡತಿ ಶ್ಯಾಮಲಾಳನ್ನು ಒಪ್ಪಿಸಿ ಇಲ್ಲಿಗೆ ಕರೆತಂದೆ. ಒಂದು ವರ್ಷ ಇದ್ದು ಅವಳು ತೀರಿಕೊಂಡಳು. ‘ಗಾಳಿ ಇದೆ, ಬೆಳಕಿದೆ, ಜಗಳ ಆಡೋಕೆ ಒಬ್ಬರಿಲ್ಲ ಕಣ್ರೀ’ ಎಂದು ಆಗಾಗ ಹೇಳುತ್ತಿದ್ದಳು. ನಾನಿದ್ದೀನಲ್ಲ ಎಂದರೆ, ನಿಮ್ಮ ಹತ್ತಿರ ಆಡಿ ಆಡಿ ರುಚಿ ಹೋಗಿದೆ ಎನ್ನುತ್ತಿದ್ದಳು.

ಈ ಊರಾಚೆಯ ಬಡಾವಣೆಗಳು ಯಾಕಿಷ್ಟು ಸಪ್ಪೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಿವೃತ್ತನಾದವನಿಗೆ ಬೇರೆ ಕಸುಬೇನು? ಮನೆಗಳು ಕೆಟ್ಟದಾಗಿವೆಯೇ ಎಂದರೆ ಇಲ್ಲ. ರಸ್ತೆ ಅಗಲ, ಚರಂಡಿ ಮುಚ್ಚಿದೆ, ದೀಪ ಉರಿಯುತ್ತದೆ. ಆದರೆ ರಸ್ತೆಗೆ ಮುಖ ಮಾಡಿದ್ದು ಒಂದೂ ಇಲ್ಲ. ಮನೆಯ ಮುಂದೆ ಗೇಟು, ಗೇಟಿನ ಹಿಂದೆ ಕಾರು, ಕಾರಿನ ಹಿಂದೆ ಬಾಗಿಲು, ಬಾಗಿಲ ಹಿಂದೆ ಟೀವಿ. ಕೂರಲು ಜಗಲಿ ಇಲ್ಲ, ಒಂದು ಪಾನ್ ಅಂಗಡಿ ಇಲ್ಲ, ತರಕಾರಿ ಗಾಡಿಯವನನ್ನು ಒಳಗೆ ಬಿಡುವುದಿಲ್ಲ. ಹಳೆಯ ಊರಿನ ಗಲ್ಲಿಯಲ್ಲಿ ಇನ್ನೂರು ಹೆಜ್ಜೆ ಹಾಕಲು ಅರ್ಧ ಗಂಟೆ ಬೇಕು, ಯಾಕೆಂದರೆ ಹತ್ತು ಜನ ನಿಲ್ಲಿಸುತ್ತಾರೆ. ಇಲ್ಲಿ ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರು ನಡೆಯಬಹುದು, ಒಂದು ನಾಯಿಯೂ ಕೇಳುವುದಿಲ್ಲ. ಅದನ್ನೇ ಇಲ್ಲಿನವರು ನೆಮ್ಮದಿ ಎನ್ನುತ್ತಾರೆ. ಈ ವಿಚಾರ ನನಗೆ ತಲೆಯಲ್ಲಿತ್ತು ಅಷ್ಟೇ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವರು ಕುಮಾರಯ್ಯನವರು.

ಕುಮಾರಯ್ಯನವರು ನನ್ನ ಎದುರುಮನೆಯ ಭವಾನಿಯ ತಂದೆ. ಜಂಗಮರು, ಅಂದರೆ ನಮ್ಮ ವೀರಶೈವರಲ್ಲಿ ಅಯ್ಯನವರು. ಆಳಂದದ ಕಡೆಯ ಒಂದು ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಸೋದರಮಾವನ ಜೊತೆ ಕಾಶಿಗೆ ಬಂದು, ಜಂಗಮವಾಡಿಯ ಮಠದಲ್ಲಿ ಸಂಸ್ಕೃತ ಕಲಿಯಲು ಸೇರಿದವರು. ಸಂಸ್ಕೃತ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತೆಂದು ಅವರೇ ಹೇಳುತ್ತಿದ್ದರು. ಓದು ಹತ್ತದಿದ್ದರೂ ಊರು ಹತ್ತಿತು. ಕರ್ನಾಟಕದಿಂದ ಬರುವ ಯಾತ್ರಿಕರನ್ನು ನಿಲ್ದಾಣದಲ್ಲಿ ಎದುರುಗೊಂಡು, ರಿಕ್ಷಾ ಹತ್ತಿಸಿ, ಜಂಗಮವಾಡಿ ಮುಟ್ಟಿಸಿ, ಪೂಜೆ ಮಾಡಿಸಿ, ತಿರುಗಿ ರೈಲು ಹತ್ತಿಸುವ ಕೆಲಸವನ್ನು ನಲವತ್ತು ವರ್ಷ ಮಾಡಿದರು. ರೈಲಿನಿಂದ ಇಳಿಯುವ ಸಾವಿರ ಜನರಲ್ಲಿ ಕನ್ನಡದವರನ್ನು ಗಂಟಿನಿಂದಲೇ ಗುರುತಿಸುತ್ತಿದ್ದರು. ಕುಂಕುಮ ನೋಡಬ್ಯಾಡ್ರಿ, ಗಂಟು ಕಟ್ಟಿದ್ದು ನೋಡ್ರಿ ಎನ್ನುತ್ತಿದ್ದರು.

ನನ್ನ ಅವರ ಪರಿಚಯ ಜಗಳದಿಂದ. ಯಾತ್ರಿಕರೊಬ್ಬರು ಮಠಕ್ಕೆಂದು ತಂದ ಜೋಳದ ಹಿಟ್ಟಿನ ಮೂರು ಚೀಲಗಳನ್ನು ಬುಕ್ ಮಾಡದೆ ತಂದಿದ್ದಾರೆಂದು ನಾನು ತಡೆದು ನಿಲ್ಲಿಸಿದ್ದೆ.

“ಸಾಹೇಬ್ರ, ರೊಟ್ಟಿ ಹಿಟ್ಟಿಗೆ ದಂಡ ಹಾಕಿದ್ರ ನಿಮಗ ಪುಣ್ಯ ಬರಂಗಿಲ್ಲ,” ಎಂದರು ಕುಮಾರಯ್ಯನವರು.

“ಬಿಟ್ರೆ ಸಂಬಳ ಬರಲ್ಲ ಅಯ್ಯನೋರೇ,” ಎಂದೆ.

ದಂಡ ಕಟ್ಟಿದರು. ಮಾರನೆಯ ದಿನ ಅದೇ ಹಿಟ್ಟಿನ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನ ಕಚೇರಿಗೆ ಬಂದು, ಸರ್ಕಾರದ ರೊಟ್ಟಿ ಉಣ್ರಿ ಎಂದು ಮೇಜಿನ ಮೇಲಿಟ್ಟು ಹೋದರು. ಆಮೇಲೆ ನಾವು ಸ್ನೇಹಿತರಾದೆವು.

ಅವರಿಗೊಂದು ಸೋಮವಾರದ ವ್ರತವಿತ್ತು. ಎಂಟನೇ ವಯಸ್ಸಿನಲ್ಲಿ ಅಯ್ಯಾಚಾರವಾದಾಗ, ಅಂದರೆ ಜಂಗಮ ದೀಕ್ಷೆಯಾದಾಗ, ತಂದೆ ಹೇಳಿಕೊಟ್ಟದ್ದು. ಸೋಮವಾರ ಐದು ಮನೆಯ ಮುಂದೆ ನಿಂತು ಭಿಕ್ಷೆ ಬೇಡಬೇಕು. ಕೊಟ್ಟಿದ್ದನ್ನು ಕೂಡಿಸಿ ಬೇಯಿಸಿ ಒಂದು ಹೊತ್ತು ಉಣ್ಣಬೇಕು. ದುಡ್ಡು ಮುಟ್ಟಬಾರದು. ಬರುತ್ತೇನೆಂದು ಮೊದಲೇ ಹೇಳಬಾರದು. ತನ್ನ ಸ್ವಂತ ಮನೆಯ ಮುಂದೆ ನಿಂತು ಬೇಡಬಾರದು. ಐದು ತುಂಬದಿದ್ದರೆ ಉಪವಾಸ. ಅರವತ್ತೆರಡು ವರ್ಷದಲ್ಲಿ ಉಪವಾಸ ಬಿದ್ದದ್ದು ನಾಲ್ಕೇ ಸಲ, ಅದರಲ್ಲಿ ಮೂರು ಕರ್ಫ್ಯೂ, ಒಂದು ಟೈಫಾಯಿಡ್ ಎಂದು ಬೆರಳು ಮಡಿಸಿ ಹೇಳುತ್ತಿದ್ದರು.

ಜಂಗಮವಾಡಿಯಲ್ಲಿ ಐದು ಮನೆ ಎಂದರೆ ಹತ್ತು ನಿಮಿಷದ ಕೆಲಸ. ಮೊಣಕಾಲ ಕೆಳಗೆ ಜಂಗು, ಅಂದರೆ ಜಂಗಮರ ಗಂಟೆ ಕಟ್ಟಿ, ಹೆಗಲಿಗೆ ಜೋಳಿಗೆ ಹಾಕಿ ಗಲ್ಲಿಗಿಳಿದರೆ ಸದ್ದಿಗೇ ಬಾಗಿಲು ತೆರೆಯುತ್ತಿದ್ದವು. ಬಾಗಿಲು ತೆರೆದೇ ಇರುತ್ತಿದ್ದವು ಎನ್ನುವುದೇ ಸರಿ. ಕೊಪ್ಪಳದ ವಿಧವೆ ಶಿವಗಂಗಮ್ಮ, ಸಾಯಲೆಂದು ಕಾಶಿಗೆ ಬಂದು ಇಪ್ಪತ್ತು ವರ್ಷವಾದರೂ ಸಾಯದೆ ಎಲ್ಲರ ಮೇಲೂ ಸಿಟ್ಟಾಗಿರುವ ಮುದುಕಿ, ಒಂದು ಹಿಡಿ ಜೋಳದ ಹಿಟ್ಟನ್ನು ಎರಡು ಬೈಗುಳದ ಜೊತೆ ನೀಡುತ್ತಿದ್ದರು. ಪಕ್ಕದ ಬನಾರಸಿ ಅಂಗಡಿಯವನು ಒಂದು ಹಿಡಿ ಕಡಲೆ. ಮೇಲಿನ ಮಹಡಿಯ ಬಂಗಾಳಿ ಹೆಂಗಸು ಬುಟ್ಟಿಯಲ್ಲಿ ಕುಸುಬಲಕ್ಕಿ ಇಟ್ಟು ಹಗ್ಗದಿಂದ ಇಳಿಸುತ್ತಿದ್ದಳು. ಒಬ್ಬರದು ಆಲೂಗಡ್ಡೆ, ಒಬ್ಬರದು ನಿನ್ನೆಯ ಪೂರಿ. ಎಲ್ಲವನ್ನೂ ಸೇರಿಸಿ ಅವರ ಹೆಂಡತಿ ವೀರಮ್ಮ ಬೇಯಿಸಿದರೆ ಅದಕ್ಕೆ ಯಾವ ರುಚಿ ಎಂದು ಶಿವನೂ ಹೇಳಲಾರ. ನಾನು ಒಮ್ಮೆ ಉಂಡಿದ್ದೇನೆ, ಎರಡನೇ ಸಲ ಹೊಟ್ಟೆನೋವು ಎಂದು ತಪ್ಪಿಸಿಕೊಂಡೆ.

ವೀರಮ್ಮ ತೀರಿಕೊಂಡ ಮೇಲೂ ಅಯ್ಯನವರು ಆ ಗಲ್ಲಿ ಬಿಡಲಿಲ್ಲ. ಆದರೆ ಅವರಿದ್ದ ಹಳೆಯ ಕಟ್ಟಡವನ್ನು ಯಜಮಾನ ಗೆಸ್ಟ್ ಹೌಸಿಗೆಂದು ಮಾರಿದ. ಭವಾನಿ ಬಂದು ತಂದೆಯ ಪೆಟ್ಟಿಗೆ, ಬೆತ್ತ, ಸಕ್ಕರೆ ಕಾಯಿಲೆಯ ಮಾತ್ರೆಗಳ ಡಬ್ಬಿ ಎಲ್ಲವನ್ನೂ ಕಾರಿಗೆ ತುಂಬಿ ಕರೆತಂದಳು. ಅವಳು ಶಿವಪುರದ ಕಡೆ ಒಂದು ಶಾಲೆಯಲ್ಲಿ ಗಣಿತದ ಟೀಚರು. ಗಂಡ ಗುರುಪ್ರಕಾಶ ಔಷಧದ ಕಂಪನಿಯೊಂದರ ಕೆಲಸದ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುವವನು. ಇಬ್ಬರೂ ಒಳ್ಳೆಯವರು. ಅಯ್ಯನವರಿಗೆ ಮೇಲಿನ ಕೋಣೆ, ಮಂಚ, ಏಸಿ, ಬಾಲ್ಕನಿ ಎಲ್ಲ ಕೊಟ್ಟರು. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ನನ್ನ ಬಾಲ್ಕನಿ ಕಾಣುತ್ತಿತ್ತು, ಅದರಲ್ಲಿ ನಾನು. ಬೇರೆ ನೋಡಲು ಏನೂ ಇರಲಿಲ್ಲ.

ಫೆಬ್ರವರಿಯ ಮೊದಲ ಸೋಮವಾರ ಅಯ್ಯನವರು ಜಂಗು ಕಟ್ಟಿ, ಜೋಳಿಗೆ ಹಾಕಿ ಗಂಗಾವಿಹಾರದ ರಸ್ತೆಗಿಳಿದರು. ಮೊದಲ ಮನೆಯ ಗೇಟಿನಲ್ಲಿ ನಿಂತು ‘ಭಿಕ್ಷಾ, ತಾಯೀ’ ಎಂದರು. ಬಾಗಿಲು ಮೂವತ್ತು ಅಡಿ ಒಳಗಿತ್ತು, ಯಾರಿಗೂ ಕೇಳಲಿಲ್ಲ. ಕರೆಗಂಟೆ ಒತ್ತಿದರು. ಕ್ಯಾಮೆರಾದಿಂದ ದನಿ ಬಂತು, ‘ಪಾರ್ಸೆಲ್ ಗೇಟಿನ ಹತ್ತಿರ ಇಟ್ಟು ಹೋಗಿ’. ಇಸಿದುಕೊಳ್ಳಲು ಬಂದವರಿಗೆ ಇಟ್ಟು ಹೋಗಿ ಎಂದರೆ ಏನು ಮಾಡುವುದು? ಎರಡನೆಯ ಮನೆಯಲ್ಲಿ ನಾಯಿ. ಮೂರನೆಯದು, ನಾಲ್ಕನೆಯದು ಬೀಗ. ಬೆಲೆ ಏರಲೆಂದು ಕೊಂಡು ಇಟ್ಟ ಮನೆಗಳು, ಅಂಥವೇ ಇಲ್ಲಿ ಮೂರರಲ್ಲೊಂದು ಪಾಲು. ಐದನೆಯದರಲ್ಲಿ ಒಬ್ಬ ಹೆಂಗಸು ಬಾಲ್ಕನಿಯಿಂದ, ‘ಬಾಬಾ, ಚಿಲ್ಲರೆ ಇಲ್ಲ, ಕ್ಯೂಆರ್ ಇದೆಯಾ?’ ಎಂದು ಕೇಳಿದಳು. ಇಲ್ಲ, ಅಕ್ಕಿ ಇದ್ದರೆ ಕೊಡು ಎಂದಿದ್ದಕ್ಕೆ, ಹತ್ತು ನಿಮಿಷ ನಿಲ್ಲಿ, ಆರ್ಡರ್ ಮಾಡುತ್ತೇನೆ ಎಂದಳಂತೆ. ನಿಂತರು. ಆಮೇಲೆ, ಬಂದರೂ ತಾವು ಬೇಡಿದ್ದು ಆ ಮನೆಯ ಅಕ್ಕಿಯನ್ನು, ಅಂಗಡಿಯದನ್ನಲ್ಲ ಎಂದು ಮುಂದೆ ಹೋದರು.

ಅಷ್ಟರಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಚಿತ್ರ ಬಂತು. ಕೆಳಗೆ ಸೊಸೈಟಿಯ ಕಾರ್ಯದರ್ಶಿ ಕೈಲಾಸ ಬಾಬು ಬರೆದಿದ್ದ: ‘ಸಿ ಸಾಲಿನಲ್ಲಿ ಗಂಟೆ ಕಟ್ಟಿಕೊಂಡ ಅನುಮಾನಾಸ್ಪದ ವ್ಯಕ್ತಿ. ಎಚ್ಚರಿಕೆಯಿಂದಿರಿ.’ ಕಳ್ಳ ಗಂಟೆ ಕಟ್ಟಿಕೊಂಡು ಬರುತ್ತಾನೆಯೇ ಎಂದು ಇನ್ನೂರ ಹನ್ನೆರಡು ಮನೆಗಳಲ್ಲಿ ಒಬ್ಬರೂ ಕೇಳಲಿಲ್ಲ. ಅದು ಗುರುಪ್ರಕಾಶರ ಮಾವ ಎಂದು ನಾನು ಬರೆದೆ. ಹೆಬ್ಬೆರಳಿನ ಗುರುತುಗಳು ಬಂದವು. ಹೊರಗೆ ಬಂದು ಮಾತಾಡಿಸಿದವರು ಯಾರೂ ಇಲ್ಲ. ಅಂದು ಅಯ್ಯನವರ ಬದುಕಿನ ಐದನೆಯ ಉಪವಾಸವಾಯಿತು. ಮಾರನೆಯ ಸೋಮವಾರ ಆರನೆಯದು.

ಆ ಎರಡನೆಯ ಸೋಮವಾರ ಸಂಜೆ ಭವಾನಿ ರಸ್ತೆ ದಾಟಿ ನನ್ನ ಮನೆಗೆ ಬಂದಳು. ಶ್ಯಾಮಲಾ ತೀರಿಕೊಂಡ ಮೇಲೆ ಎರಡು ವರ್ಷದಲ್ಲಿ ಅದೇ ಮೊದಲು. ಬನಾರಸಿನಲ್ಲೇ ಹುಟ್ಟಿದ ಹುಡುಗಿ, ಅರ್ಧ ಮಾತು ಹಿಂದಿ.

“ಕಾಕಾ, ಅಪ್ಪಂಗ ಶುಗರ್ ಅದ. ಹಿಂಗ ಉಪವಾಸ ಇದ್ರ ಏನರ ಆಗ್ತದ. ನೀವ ಬತಾಯಿಯೇ, ನಾ ಏನ್ ಮಾಡ್ಲಿ?”

“ವ್ರತ ಬಿಡು ಅಂತ ಹೇಳಿದ್ಯಾ?”

“ಹೇಳಿದೆ. ನಗ್ತಾನ.”

ಅಂದೇ ಅವಳು ಉಪಾಯ ಮಾಡಿದಳು. ಐದು ಪ್ಲಾಸ್ಟಿಕ್ ಚೀಲಗಳಲ್ಲಿ ಅಕ್ಕಿ ಹಾಕಿ ಐದು ಮನೆಗಳಿಗೆ ಹೋದಳು. ನನ್ನದೊಂದು, ನನ್ನ ಬೀಗದ ಜಗಳವನ್ನು ಕ್ಯಾಮೆರಾದಲ್ಲಿ ನೋಡಿದ್ದ ತಾರಾದೇವಿಯವರದೊಂದು, ಕೈಲಾಸ ಬಾಬುವಿನದೊಂದು, ಇನ್ನೆರಡು. ಸೋಮವಾರ ಎಂಟು ಗಂಟೆಗೆ ನಮ್ಮ ತಂದೆ ಬರುತ್ತಾರೆ, ದಯವಿಟ್ಟು ಹೊರಗೆ ಬಂದು ಇದರಲ್ಲಿ ಒಂದು ಹಿಡಿ ನೀಡಿ, ನಾನು ಕೊಟ್ಟದ್ದೆಂದು ಹೇಳಬೇಡಿ ಎಂದು ಕೈಮುಗಿದಳು. ಕೈಲಾಸ ಬಾಬು, ಇದು ಸೊಸೈಟಿಯ ನಿಯಮದಲ್ಲಿ ಎಲ್ಲಿದೆ ಎಂದು ಕೇಳಿದನಂತೆ. ಇವಳು ಕಣ್ಣಲ್ಲಿ ನೀರು ಹಾಕಿದ ಮೇಲೆ ಒಪ್ಪಿದ.

ಮೂರನೆಯ ಸೋಮವಾರ ಗಂಗಾವಿಹಾರದಲ್ಲಿ ಪವಾಡ ನಡೆಯಿತು. ಅಯ್ಯನವರು ಗೇಟಿಗೆ ಬರುವ ಮುಂಚೆಯೇ ಬಾಗಿಲುಗಳು ತೆರೆದವು. ತಾರಾದೇವಿ ತಲೆಯ ಮೇಲೆ ಸೆರಗು ಹೊದ್ದು ಭಕ್ತಿಯಿಂದ ನಿಂತಿದ್ದರು. ಕೈಲಾಸ ಬಾಬು ಅಕ್ಕಿ ನೀಡುವುದಕ್ಕೆ ಅಳತೆಯ ಲೋಟ ತಂದಿದ್ದ. ನಾನು, ಅರೆ ಅಯ್ಯನೋರೇ, ನೀವು ಬರ್ತೀರಂತ ಗೊತ್ತೇ ಇರ್ಲಿಲ್ಲ ಎಂದು ಅವರು ಕೇಳದಿದ್ದ ಮಾತನ್ನೂ ಹೇಳಿ ಒಂದು ಹಿಡಿ ಹಾಕಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಒಳ್ಳೇದಾಗಲಿ ಎಂದು ಹೋದರು. ಅವರು ಅಕ್ಕಿ ಬೇಯಿಸುವ ಹೊತ್ತಿಗೆ ಭವಾನಿ ಶಾಲೆಯಲ್ಲಿರುತ್ತಿದ್ದಳು. ಮಧ್ಯಾಹ್ನ ಬಂದು ತೊಳೆದಿಟ್ಟ ಪಾತ್ರೆ ನೋಡಿ ಹಿಗ್ಗುತ್ತಿದ್ದಳು. ರಾತ್ರಿಯ ಊಟದ ಪ್ರಶ್ನೆ ಇರಲಿಲ್ಲ, ಸೋಮವಾರ ಒಪ್ಪತ್ತು. ಮಾತ್ರೆಯನ್ನು ಮಾತ್ರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಎದುರು ನಿಂತು ನುಂಗಿಸುತ್ತಿದ್ದಳು.

ಹೀಗೆ ಹನ್ನೊಂದು ಸೋಮವಾರ. ನನಗೆ ಒಳಗೊಳಗೇ ಹೆಮ್ಮೆ ಬೆಳೆದಿತ್ತು. ಬಡಾವಣೆಗೆ ಜೀವ ಬಂತು, ನೋಡು, ಜನ ಹೊರಗೆ ಬರುತ್ತಿದ್ದಾರೆ ಎಂದು ಶ್ಯಾಮಲಾಳ ಫೋಟೋಕ್ಕೆ ಹೇಳಿದ್ದೂ ಉಂಟು.

ಹನ್ನೊಂದನೆಯದು ಮೇ ತಿಂಗಳ ಮೊದಲ ವಾರ ಬಂತು. ‘ಲೂ’ ಎಂಬ ಬಿಸಿಗಾಳಿ ಹತ್ತು ಗಂಟೆಗೇ ಶುರುವಾಗಿತ್ತು. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ನಾನು ಔಷಧಿ ತರಲು ಸ್ಕೂಟರಿನಲ್ಲಿ ಹಿಂದಿನ ಗೇಟಿನ ಕಡೆ ಹೊರಟೆ. ಅಲ್ಲಿ ಒಂದು ಕಿಲೋಮೀಟರಿನಷ್ಟು ಉದ್ದ ಬರೀ ಗೋಡೆ, ಒಂದು ಬಾಗಿಲಿಲ್ಲ, ಒಂದು ಕಿಟಕಿಯಿಲ್ಲ. ಗೋಡೆಯ ಬುಡದಲ್ಲಿ ಯಾರೋ ಬಿಳಿ ಬಟ್ಟೆ ಒಣಹಾಕಿದ ಹಾಗೆ ಕಂಡಿತು. ಹತ್ತಿರ ಹೋದರೆ ಕುಮಾರಯ್ಯನವರು. ಮೈಯೆಲ್ಲ ಬೆವರು, ಮಾತಿಲ್ಲ. ಪಕ್ಕದಲ್ಲಿ ಸ್ಟೀಲಿನ ಪಾತ್ರೆ ಉರುಳಿ ಅನ್ನ ಚೆಲ್ಲಿತ್ತು. ಒಂದು ಹಸು ಅದನ್ನು ತಿನ್ನುತ್ತಿತ್ತು.

ನಲವತ್ತು ನಿಮಿಷ ಅಲ್ಲಿ ಬಿದ್ದಿದ್ದರೆಂದು ಆಮೇಲೆ ಗೊತ್ತಾಯಿತು, ಯಾಕೆಂದರೆ ಎಲ್ಲವೂ ಕ್ಯಾಮೆರಾದಲ್ಲಿತ್ತು. ಬಿದ್ದದ್ದು ಹನ್ನೊಂದೂವರೆಗೆ. ಆ ಹೊತ್ತಿನಲ್ಲಿ ಒಂಬತ್ತು ಕಾರು, ಮೂರು ಡೆಲಿವರಿ ಬೈಕು ಹಾದುಹೋಗಿವೆ. ಯಾರೂ ಕೆಟ್ಟವರಲ್ಲ. ಗಾಜು ಏರಿಸಿತ್ತು, ಏಸಿ ಹಾಕಿತ್ತು, ನಡೆದಾಡುವವರನ್ನು ನೋಡುವ ಅಭ್ಯಾಸವೇ ಆ ರಸ್ತೆಗಿಲ್ಲ. ಜಂಗಮವಾಡಿಯಲ್ಲಾಗಿದ್ದರೆ ಅವರ ತಲೆ ನೆಲ ಮುಟ್ಟುವ ಮುಂಚೆ ನಾಲ್ಕು ಕೈ ಹಿಡಿದಿರುತ್ತಿದ್ದವು, ಹನ್ನೊಂದು ಸಲಹೆ ಬಂದಿರುತ್ತಿದ್ದವು, ಶಿವಗಂಗಮ್ಮ ಬೈಯುತ್ತಲೇ ಬಾಯಿಗೆ ಬೆಲ್ಲ ಹಾಕಿರುತ್ತಿದ್ದರು. ನನಗೆ ಅಂದು ಈ ಗೋಡೆ ಕಟ್ಟಿದವನ ಮೇಲೂ, ಅದರೊಳಗೆ ಮನೆ ಕೊಂಡ ನನ್ನ ಮೇಲೂ ತಡೆಯಲಾರದ ಸಿಟ್ಟು ಬಂತು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ವೈದ್ಯೆ ಭವಾನಿಯನ್ನು ಕರೆದು, ನಿನ್ನೆ ರಾತ್ರಿಯಿಂದ ಇವರು ಏನೂ ತಿಂದಿಲ್ಲ, ಮಾತ್ರೆ ಮಾತ್ರ ತಗೊಂಡಿದ್ದಾರೆ, ಸಕ್ಕರೆ ಪಾತಾಳಕ್ಕಿಳಿದಿದೆ ಎಂದರು. ಇಲ್ಲ, ಸೋಮವಾರ ಹತ್ತಕ್ಕೇ ಉಣ್ಣುತ್ತಾರೆ ಎಂದು ಭವಾನಿ ವಾದಿಸಿದಳು. ನನಗೆ ಆ ಹಸು ಕಣ್ಣಮುಂದೆ ಬಂತು. ಅವಳು ಕಾಗದಕ್ಕೆ ಸಹಿ ಹಾಕಲು ಹೋದಾಗ ಅಯ್ಯನವರ ಮಂಚದ ಪಕ್ಕ ಕುಳಿತೆ.

“ಎಷ್ಟು ವಾರದಿಂದ ಹಸುವಿಗೆ ಹಾಕ್ತಿದೀರಿ?”

“ಮೊದಲನೇ ದಿನದಿಂದ್ರಿ.”

“ಗೊತ್ತಾಗಿತ್ತಾ?”

“ಬನಾರಸದಾಗ ಐದು ಮನಿಯವ್ರು ಒಂದೇ ದಿನ ಸೋನಾ ಮಸೂರಿ ನೀಡ್ತಾರಂದ್ರ ನಾ ಏನ್ ಸಣ್ಣ ಹುಡಗ ಏನ್ರಿ?”

ನಾನು ಹಣೆ ಚಚ್ಚಿಕೊಂಡೆ. ಭವಾನಿ ತಂದೆಗೆ ಇಷ್ಟವೆಂದು ಕರ್ನಾಟಕದಿಂದ ರೈಲಿನಲ್ಲಿ ತರಿಸುವ ಸೋನಾ ಮಸೂರಿ ಅಕ್ಕಿಯನ್ನೇ ಐದೂ ಚೀಲಕ್ಕೆ ತುಂಬಿದ್ದಳು. ಇಲ್ಲಿನವರ ಅಡುಗೆಮನೆಯಲ್ಲಿ ಆ ಅಕ್ಕಿ ಕಾಣುವುದಿಲ್ಲ. ಗಣಿತದ ಟೀಚರು, ಪಾರ್ಸೆಲ್ ಗುಮಾಸ್ತ, ಸೊಸೈಟಿ ಕಾರ್ಯದರ್ಶಿ, ಮೂವರು ಸೇರಿ ಕಟ್ಟಿದ ನಾಟಕ ಒಂದು ಹಿಡಿ ಅಕ್ಕಿಗೆ ಸಿಕ್ಕಿಬಿತ್ತು.

“ನನ್ನ ಮನೆಯದಾದರೂ ಲೆಕ್ಕಕ್ಕೆ ಬರಬೇಕಿತ್ತಲ್ಲ. ನಾನು ಕನ್ನಡದೋನು, ಸೋನಾ ಮಸೂರಿ ಇರಬಹುದು,” ಎಂದೆ.

“ಶ್ಯಾಮಲಮ್ಮ ಹೋದ ಮ್ಯಾಲ ನಿಮ್ಮನಿ ಒಲಿ ಹಚ್ಚಿಲ್ಲ. ದಿನಾ ಗೇಟಿಗೆ ಊಟದ ಡಬ್ಬಿ ಜೋತು ಬಿದ್ದಿರ್ತದ. ನಿಮ್ಮನ್ಯಾಗ ಅಕ್ಕಿ ಎಲ್ಲಿದ್ರಿ?” ಎಂದರು. ಮೆತ್ತಗೇ ಹೇಳಿದರು. ಎರಡು ವರ್ಷದಿಂದ ಜೋತು ಬೀಳುತ್ತಿದ್ದ ಆ ಡಬ್ಬಿಯನ್ನು ಗಮನಿಸಿದವರು ಇವರೊಬ್ಬರೇ ಎಂದು ಆಗ ತಿಳಿಯಿತು.

“ಗೊತ್ತಿದ್ದೂ ಸುಮ್ಮನೆ ಯಾಕಿದ್ರಿ ಅಯ್ಯನೋರೇ? ಮಗಳಿಗೆ ಹೇಳಿಬಿಡಬೇಕಿತ್ತು.”

“ಹ್ಯಾಂಗ ಹೇಳ್ಲಿ? ಹುಟ್ಟಿದಾಗಿಂದ ಯಾರ ಮುಂದನೂ ಕೈ ಚಾಚದಾಕಿ ಐದು ಮನಿ ಬಾಗಲಾ ಬಡದು ನನ್ನ ಸಲುವಾಗಿ ಬೇಡ್ಕೊಂಡು ಬಂದಾಳ. ಭಿಕ್ಷಾ ಬೇಡಿದ್ದು ಆಕಿರಿ, ನಾ ಅಲ್ಲ. ಅದನ್ನ ಸುಳ್ಳು ಅಂತ ಆಕಿ ಮುಂದ ಹ್ಯಾಂಗ ಹೇಳ್ಲಿ?” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ನಾಟಕ ಮಾತ್ರ ಭಾಳ ಕೆಟ್ಟಿತ್ತು,” ಎಂದರು.

ಬಾಗಿಲಲ್ಲಿ ಭವಾನಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮನೆಗೆ ಬಂದ ಮೇಲೆ ದೊಡ್ಡ ಜಗಳವಾಯಿತು. ಗಂಗಾವಿಹಾರದಲ್ಲಿ ನಾನು ಕೇಳಿದ ಮೊದಲ ನಿಜವಾದ ಜಗಳ ಅದು. ಗುರುಪ್ರಕಾಶ ಊರಿನಲ್ಲೇ ಇದ್ದ. ವ್ರತವನ್ನು ಭಾನುವಾರಕ್ಕೆ ಬದಲಾಯಿಸಿದರೆ ಜನ ಮನೆಯಲ್ಲಿರುತ್ತಾರೆ ಎಂದು ಸಲಹೆ ಕೊಟ್ಟ. ಶಿವನಿಗೆ ಕೇಳಿ ಹೇಳ್ತೀನಿ ಎಂದರು ಮಾವ.

“ಅಪ್ಪಾ, ನಿನ್ನ ವ್ರತ ದೊಡ್ಡದೋ, ನಾ ದೊಡ್ಡಾಕಿನೋ? ಸಾಫ್ ಹೇಳು,” ಎಂದಳು ಭವಾನಿ.

“ಎರಡೂ ಅಲ್ಲವ್ವ. ಅರವತ್ತೆರಡು ವರ್ಷ ಐದು ಮನಿ ಅನ್ನದ ಮ್ಯಾಲ ಬೆಳದ ಮೈ ಇದು. ಸೋಮವಾರ ಬಂತಂದ್ರ ಬ್ಯಾರೆ ಅನ್ನ ಇಳಿಯಂಗಿಲ್ಲ. ಹಟ ಅಲ್ಲ, ಗಂಟಲದಾಗ ಇಳಿಯಂಗಿಲ್ಲ. ನಾ ತಿರುಗಿ ಗಲ್ಲಿಗೆ ಹೋಗ್ತೀನಿ.”

“ಅಂದ್ರ ನನ್ನ ಮನ್ಯಾಗ ನಿನಗ ಅನ್ನ ಇಲ್ಲ?”

“ನಿನ್ನ ಮನ್ಯಾಗ ಇರೂತನಕ ಇದು ನನ್ನ ಮನಿ. ನನ್ನ ಮನಿ ಮುಂದ ನಾ ಹ್ಯಾಂಗ ಬೇಡ್ಲಿ?”

ಅವಳಿಗೆ ಅದು ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಮುದುಕರ ಒಗಟು ಎಂದುಕೊಂಡೆ. ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ವಾರದಲ್ಲಿ ಶಿವಗಂಗಮ್ಮ ಒಂದು ಕೋಣೆ ಹುಡುಕಿಕೊಟ್ಟರು. ಬಳೆ ಅಂಗಡಿಯವನ ಹಳೆಯ ಗೋದಾಮು, ಎಂಟಡಿ ಹತ್ತಡಿ, ಬಾಗಿಲು ನೇರ ಗಲ್ಲಿಗೆ. ನಾನೇ ಪೆಟ್ಟಿಗೆ ಸಾಗಿಸಿದೆ. ಗಲ್ಲಿಯಲ್ಲಿ ಗೂಳಿಯೊಂದು ಅಡ್ಡ ನಿಂತು ನಮ್ಮನ್ನು ಕಾಲು ಗಂಟೆ ಕಾಯಿಸಿತು. ಆ ಕಾಲು ಗಂಟೆಯಲ್ಲಿ ಅಯ್ಯನವರನ್ನು ಆರು ಜನ ಮಾತಾಡಿಸಿದರು, ಇಬ್ಬರು ಚಹಾ ತಂದರು, ಒಬ್ಬ ನನ್ನ ಸಂಬಳ ಎಷ್ಟಿತ್ತೆಂದು ಕೇಳಿದ. ಭವಾನಿ ಬರಲಿಲ್ಲ. ಫೋನು ಮಾಡಲಿಲ್ಲ. ಕರೆದರೆ ಎತ್ತಲಿಲ್ಲ.

ನಾಲ್ಕು ಸೋಮವಾರ ಹೀಗೇ ಕಳೆದವು. ಶಾಲೆಗೆ ಬೇಸಿಗೆ ರಜೆ, ಅವಳು ಇಡೀ ದಿನ ಮನೆಯಲ್ಲಿರುತ್ತಿದ್ದಳು. ಸಂಜೆ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದಳು, ನಾನು ಮಾತಾಡಿಸಿದರೆ ಒಳಗೆ ಹೋಗುತ್ತಿದ್ದಳು. ಇತ್ತ ನಾನು ಒಂದು ಸೇರು ಅಕ್ಕಿ ತಂದು ಅನ್ನ ಮಾಡಲು ಕಲಿಯುತ್ತಿದ್ದೆ. ಎರಡು ಪಾತ್ರೆ ಸೀದವು.

ಐದನೆಯ ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಗೇಟಿನಲ್ಲಿ ಪೇಪರ್ ಓದುತ್ತ ನಿಂತಿದ್ದೆ. ಒಂದು ಆಟೋ ಬಂದು ನಿಂತಿತು. ಕುಮಾರಯ್ಯನವರು ಇಳಿದರು. ಬಿಳಿ ಪಂಚೆ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ. ಕಾಲಿಗೆ ಜಂಗು ಕಟ್ಟಿದ್ದರು. ಮಗಳ ಜೊತೆ ರಾಜಿಗೆ ಬಂದರು ಎಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವರು ನನ್ನನ್ನು ನೋಡಲಿಲ್ಲ. ಭವಾನಿಯ ಮನೆಯ ಮುಂದೆ, ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತು ಮೂರು ಸಲ ಜಂಗು ಸದ್ದು ಮಾಡಿ, ಊರಿನ ಯಾವುದೋ ಪರಿಚಯವಿಲ್ಲದ ಮನೆಯ ಮುಂದೆ ನಿಂತವರ ಹಾಗೆ ಕರೆದರು:

“ಭಿಕ್ಷಾ, ತಾಯೀ.”

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮಲ್ಲಿ ಒಂದು ಗಾದೆ ಇದೆ. ಆ ಗಾದೆ ಕಟ್ಟಿದವನ ಬಾಯಿಗೆ ಮಣ್ಣು ಹಾಕಬೇಕು ಎಂದು ಶ್ಯಾಮಲಾ ಬೈಯುತ್ತಿದ್ದಳು, ನಾನೂ ಒಪ್ಪುತ್ತಿದ್ದೆ. ಅಂದು ಒಗಟು ಬಿಚ್ಚಿಕೊಂಡಿತು. ಇದೇ ಮನೆಯಲ್ಲಿ ಉಳಿದಿದ್ದರೆ ಇದರ ಅಕ್ಕಿ ಅವರಿಗೆ ಭಿಕ್ಷೆಯಾಗುತ್ತಿರಲಿಲ್ಲ. ಬಿಟ್ಟು ಹೋದದ್ದರಿಂದ ಇದು ಬೇರೆಯವರ ಮನೆಯಾಯಿತು. ಮಗಳ ಕೈಯ ಅಕ್ಕಿ ಸೋಮವಾರ ಗಂಟಲಲ್ಲಿ ಇಳಿಯಬೇಕಾದರೆ ಮಗಳ ಮನೆಯಿಂದ ಹೊರಗೆ ಹೋಗಲೇಬೇಕಿತ್ತು. ಮುದುಕ ಹದಿನಾಲ್ಕು ಕಿಲೋಮೀಟರು ದೂರ ಹೋದದ್ದು ಅದಕ್ಕೆ.

ಭವಾನಿ ಬಾಗಿಲಿಗೆ ಬಂದಳು, ನೋಡಿದಳು, ಒಳಗೆ ಓಡಿದಳು. ಬಟ್ಟಲ ತುಂಬ ಅಕ್ಕಿ ತಂದಳು. ಅವಳೂ ಜಂಗಮರ ಮಗಳೇ, ರೀತಿ ಗೊತ್ತಿತ್ತು. ರಸ್ತೆಯಲ್ಲೇ ಮಂಡಿಯೂರಿ ಅವರ ಪಾದ ಮುಟ್ಟಿದಳು. ಎದ್ದು ಬಟ್ಟಲನ್ನೇ ಜೋಳಿಗೆಗೆ ಸುರಿಯಲು ಹೋದಳು. ಅವರು ಕೈ ಅಡ್ಡ ಹಿಡಿದರು.

“ಒಂದು ಹಿಡಿ ಸಾಕು, ತಾಯಿ. ಇನ್ನ ನಾಕು ಮನಿ ಅದಾವ.”

ಒಂದು ಹಿಡಿ ಹಾಕಿದಳು. ನಾಲ್ಕು ಕಾಳು ರಸ್ತೆಗೆ ಬಿದ್ದವು.

“ಅಪ್ಪಾ, ಒಳಗ ಬಾ. ನೀರರ ಕುಡಿ.”

ಅವರು ಒಳಗೆ ಹೋಗಲಿಲ್ಲ. ಒಳ್ಳೇದಾಗಲಿ ಎಂದು ಯಾವ ಮನೆಯ ಮುಂದೆಯೂ ಹೇಳುವ ಹಾಗೆಯೇ ಹೇಳಿದರು. ಆಟೋ ಹತ್ತುವಾಗ ಮಾತ್ರ ಕಣ್ಣು ಒರೆಸಿಕೊಂಡರು. ಅಕ್ಕಪಕ್ಕದ ಕ್ಯಾಮೆರಾಗಳು ಎಲ್ಲವನ್ನೂ ನೋಡಿದವು, ಬಾಗಿಲು ಒಂದೂ ತೆರೆಯಲಿಲ್ಲ. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಭವಾನಿ ಫೋನು ಹಿಡಿದುಕೊಂಡು ಬಿಸಿಲಿನಲ್ಲಿ ಬರಿಗಾಲಲ್ಲಿ ರಸ್ತೆ ದಾಟಿ ಬಂದಳು. ತಿಂಗಳ ನಂತರ ಅವಳೇ ತಂದೆಗೆ ಫೋನು ಮಾಡಿದ್ದಳು. ಐದು ಮನೆ ತುಂಬಿದವಂತೆ, ಅನ್ನ ಮಾಡಿಕೊಂಡು ಉಂಡೆ ಎಂದರಂತೆ. ಅವಳ ಮುಖದಲ್ಲಿ ಸಂತೋಷವೂ ಇತ್ತು, ಹೆದರಿಕೆಯೂ ಇತ್ತು. ಹನ್ನೊಂದು ವಾರ ಇದೇ ಮಾತನ್ನು ಅವಳು ನಂಬಿದ್ದಳಲ್ಲ.

“ಕಾಕಾ, ಈ ಸಲ ಖರೇನ ಉಂಡಿರ್ತಾನಾ?”

“ಉಂಡಿರ್ತಾರೆ ಕಣಮ್ಮ,” ಎಂದೆ. “ಈ ಸಲ ಅದು ಬೇರೆಯವರ ಮನೆ ಅಕ್ಕಿ.”

ಅವಳು ನನ್ನ ಜಗಲಿಯಿಲ್ಲದ ಬಾಗಿಲಲ್ಲೇ ಕುಳಿತು ಜೋರಾಗಿ ಅತ್ತಳು.